ಹಗುರ ಗಾಳಕ್ಕೊಂದು ರೀಲು: ಕೊಳ್ಳುವ ಮುನ್ನ ನಾಲ್ಕು ಮಾತು

ರಜೆ ಹತ್ತಿರ ಬಂದಿತೆಂದರೆ ನಮ್ಮ ಮನೆಗಳಲ್ಲಿ ಹುಡುಗರ ಬೇಡಿಕೆಗಳ ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಒಂದು ಕಾಲಕ್ಕೆ ಆ ಪಟ್ಟಿಯಲ್ಲಿ ಗಾಳಿಪಟ, ಬ್ಯಾಟು, ಸೈಕಲ್ಲು ಇಷ್ಟೇ ಇರುತ್ತಿದ್ದವು. ಈಗ ಕೆಲವು ಮನೆಗಳಲ್ಲಿ ಗಾಳದ ಕೋಲೂ ರೀಲೂ ಬಂದು ಸೇರಿವೆ. ಹುಡುಗರಿಗಷ್ಟೇ ಈ ಹುಚ್ಚು ಎಂದೇನೂ ಅಲ್ಲ. ವಾರವಿಡೀ ಕಚೇರಿಯಲ್ಲಿ ಕುಳಿತು ಬೇಸತ್ತ ಗೃಹಸ್ಥರಿಗೂ ಭಾನುವಾರ ಬೆಳಗ್ಗೆ ನೀರಿನ ಬದಿಯಲ್ಲಿ ಎರಡು ಗಂಟೆ ನಿಲ್ಲುವುದು ಹಿತವಾಗಿ ಕಾಣತೊಡಗಿದೆ. ಹವ್ಯಾಸ ಒಳ್ಳೆಯದೇ. ಆದರೆ ಅದರ ಸಾಮಗ್ರಿ ಕೊಳ್ಳುವಾಗ ಮನೆಯ ಹಣ ನೀರಿನಂತೆ ಹರಿದುಹೋಗಬಾರದಷ್ಟೆ.

ರಾಯಚೂರು ಕಡೆಯ ನಮ್ಮ ಮಿತ್ರರೊಬ್ಬರು ಹತ್ತನೆಯ ತರಗತಿ ಮುಗಿಸಿದ ಮಗನಿಗೆ ಬೇಟ್ ಕಾಸ್ಟಿಂಗ್ ರೀಲೊಂದನ್ನು ತರಿಸಿಕೊಟ್ಟರು. ಪೆಟ್ಟಿಗೆಯ ಮೇಲೆ ಹನ್ನೊಂದು ಬೇರಿಂಗು, ಎಂಟು ಕಿಲೋ ಹಿಡಿತ ಎಂದೆಲ್ಲ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಹುಡುಗ ನಾಲ್ಕು ಗ್ರಾಂ ತೂಕದ ಹುಸಿ ಎರೆಯನ್ನು ಕಟ್ಟಿ ಬೀಸಿದ. ಎರೆ ಹತ್ತು ಹೆಜ್ಜೆ ದೂರ ಬಿದ್ದಿತು. ದಾರ ಮಾತ್ರ ರೀಲಿನೊಳಗೆ ಹಕ್ಕಿಯ ಗೂಡಾಯಿತು. ಮೂರು ಭಾನುವಾರ ಗಂಟು ಬಿಡಿಸಿದ ಮೇಲೆ, “ಅಪ್ಪಾ, ನನಗಿದು ಬರೂದಿಲ್ಲ” ಎಂದು ಅದನ್ನು ಅಟ್ಟಕ್ಕೇರಿಸಿದ. ತಪ್ಪು ಹುಡುಗನದಲ್ಲ. ಆ ರೀಲು ಇಪ್ಪತ್ತು ಗ್ರಾಂ ಎರೆಯನ್ನು ಎಸೆಯಲೆಂದು ಮಾಡಿದ್ದು. ಹೋದ ಹಣವನ್ನು ಮತ್ತೆ ಸಂಪಾದಿಸಬಹುದು. ಹೋದ ಉತ್ಸಾಹವನ್ನು ಎಲ್ಲಿಂದ ತರುವುದು? ಇಂಥ ಪ್ರಸಂಗ ಇನ್ನೊಂದು ಮನೆಯಲ್ಲಿ ಆಗದಿರಲಿ ಎಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ದೊಡ್ಡ ಮೀನಿನಿಂದ ಸಣ್ಣ ಎರೆಗೆ

ನಮ್ಮ ನಾಡಿನಲ್ಲಿ ಗಾಳದ ಮಾತು ಬಂದರೆ ದೊಡ್ಡ ಮೀನಿನ ಕತೆಯೇ ಮೊದಲು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಈ ದೇಶದ ಗಾಳದ ಮೀನುಗಾರಿಕೆಯ ಮೇಲೆ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ 120 ಪೌಂಡು ತೂಕದ ಬಿಳಿಮೀನನ್ನು, ಎಂದರೆ ಮಹಶೀರನ್ನು, ಹಿಡಿದದ್ದು ಇಂದಿಗೂ ಗಾಳಗಾರರ ನಾಲಿಗೆಯ ಮೇಲಿದೆ. ಅಂಥ ಮೀನಿಗೆ ದಪ್ಪ ದಾರ, ಬಲವಾದ ಕೋಲು, ಭಾರಿ ರೀಲು ಬೇಕು.

ನಾವಿಲ್ಲಿ ಹೇಳಹೊರಟಿರುವ ಆಟ ಇದಕ್ಕೆ ತೀರ ವಿರುದ್ಧವಾದದ್ದು. ಜಪಾನಿನಲ್ಲಿ ಗಾಳ ಹಾಕುವವರು ಹೆಚ್ಚಿ, ಮೀನುಗಳು ದೊಡ್ಡ ಎರೆಗಳನ್ನು ಕಂಡೊಡನೆ ದೂರ ಸರಿಯತೊಡಗಿದಾಗ, ಅಲ್ಲಿಯವರು ತೆಳು ದಾರಕ್ಕೆ ಸಣ್ಣ ಎರೆ ಕಟ್ಟಿ ನವಿರಾಗಿ ಆಡಿಸುವ ರೀತಿಯನ್ನು ಬೆಳೆಸಿದರು. ಅದನ್ನೇ ಬೇಟ್ ಕಾಸ್ಟಿಂಗ್ ರೀಲಿನಿಂದ ಮಾಡಿದರೆ ಬೇಟ್ ಫಿನೆಸ್ ಎನ್ನುತ್ತಾರೆ, ಅಂಗಡಿಯವರು ಬಿ.ಎಫ್.ಎಸ್. ಎಂಬ ಮೂರಕ್ಷರದಿಂದ ಕರೆಯುತ್ತಾರೆ. ಸಾಮಾನ್ಯ ಬೇಟ್ ಕಾಸ್ಟಿಂಗ್ ರೀಲಿಗೆ ಹತ್ತು ಗ್ರಾಮಿಗಿಂತ ಮೇಲ್ಪಟ್ಟ ಎರೆ ಹಿತ. ಫಿನೆಸ್ ರೀಲು ಎರಡರಿಂದ ಏಳು ಗ್ರಾಮಿನ ಎರೆಯನ್ನು ಎಸೆಯಬೇಕು. ನಮ್ಮ ಕಿಸೆಯಲ್ಲಿರುವ ಒಂದು ರೂಪಾಯಿಯ ನಾಣ್ಯ ಮೂರರಿಂದ ನಾಲ್ಕು ಗ್ರಾಂ ತೂಗುತ್ತದೆ. ಆ ನಾಣ್ಯವನ್ನು ದಾರಕ್ಕೆ ಕಟ್ಟಿ ಇಪ್ಪತ್ತು ಮೀಟರು ಎಸೆಯುವ ಕೆಲಸ ಎಂದುಕೊಂಡರೆ ಇದರ ಕಷ್ಟ ಮನಸ್ಸಿಗೆ ಬಂದೀತು.

ಬಾವಿಯ ರಾಟೆಯ ಪಾಠ

ಪೇಟೆಯಲ್ಲಿ ಸಾಮಾನ್ಯವಾಗಿ ಕಾಣುವ ಸ್ಪಿನ್ನಿಂಗ್ ರೀಲಿನಲ್ಲಿ ದಾರ ಸುತ್ತಿದ ಉರುಳೆ, ಎಂದರೆ ಸ್ಪೂಲು, ಎಸೆಯುವಾಗ ತಿರುಗುವುದಿಲ್ಲ. ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. ಬೇಟ್ ಕಾಸ್ಟಿಂಗ್ ರೀಲಿನಲ್ಲಾದರೋ ಸ್ಪೂಲೇ ಗರಗರನೆ ತಿರುಗಿ ದಾರವನ್ನು ಬಿಟ್ಟುಕೊಡಬೇಕು. ಹೆಬ್ಬೆರಳು ಸ್ಪೂಲಿನ ಮೇಲೆಯೇ ಇರುವುದರಿಂದ ಎರೆಯನ್ನು ಬೇಕಾದ ಕಡೆ, ಗಿಡದ ಬುಡಕ್ಕೋ ಬಂಡೆಯ ಮಗ್ಗುಲಿಗೋ, ಮೆಲ್ಲಗೆ ಇಳಿಸಬಹುದು. ಇದೇ ಇದರ ಸ್ವಾರಸ್ಯ. ಇದೇ ಇದರ ತೊಡಕೂ ಹೌದು.

ಊರ ಬಾವಿಯಲ್ಲಿ ನೀರು ಸೇದಿದವರಿಗೆ ಈ ತೊಡಕನ್ನು ವಿವರಿಸಬೇಕಾಗಿಲ್ಲ. ಕೊಡವನ್ನು ಸರ್ರನೆ ಬಿಟ್ಟಾಗ ಅದು ನೀರು ಮುಟ್ಟಿ ನಿಂತರೂ ರಾಟೆ ಓಡಿದ ರಭಸಕ್ಕೆ ಇನ್ನೂ ಎರಡು ಸುತ್ತು ತಿರುಗಿ ಹಗ್ಗ ಸಡಿಲವಾಗಿ ಬೀಳುತ್ತದೆ. ಸಂಕ್ರಾಂತಿಯಲ್ಲಿ ಈ ಊರಿನ ಮಾಳಿಗೆಗಳ ಮೇಲೆ ಗಾಳಿಪಟದ ಚರಕ ಹಿಡಿದ ಹುಡುಗರಿಗೂ ಇದು ಗೊತ್ತು. ರೀಲಿನಲ್ಲಿಯೂ ಹೀಗೆಯೇ. ಗಾಳಿಯಲ್ಲಿ ಎರೆಯ ವೇಗ ಕಡಮೆಯಾಗುತ್ತದೆ, ಸ್ಪೂಲು ಮಾತ್ರ ಹಳೆಯ ವೇಗದಲ್ಲಿಯೇ ಸುತ್ತುತ್ತದೆ. ಹೊರಗೆ ಹೋಗಲು ಎಡೆಯಿಲ್ಲದ ದಾರ ಒಳಗೇ ಸಿಕ್ಕುಗಟ್ಟುತ್ತದೆ.

ಈಗ ಸ್ವಲ್ಪ ಲೆಕ್ಕ ನೋಡೋಣ. ಮೂವತ್ತು ಮಿಲಿಮೀಟರು ವ್ಯಾಸದ ಸ್ಪೂಲು ಒಂದು ಸುತ್ತಿಗೆ ಸುಮಾರು ಒಂಬತ್ತೂವರೆ ಸೆಂಟಿಮೀಟರು ದಾರ ಬಿಡುತ್ತದೆ. ಎರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿ ಹೊರಟರೆ ಸ್ಪೂಲು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಅದನ್ನು ಆ ವೇಗಕ್ಕೆ ಏರಿಸುವುದು ಯಾರು? ಎರೆಯೇ ತನ್ನ ರಭಸದಿಂದ ಎಳೆದು ಏರಿಸಬೇಕು. ಎರೆ ನಾಲ್ಕು ಗ್ರಾಂ ಇದ್ದು ಸ್ಪೂಲು ಇಪ್ಪತ್ತು ಗ್ರಾಂ ಇದ್ದರೆ, ಕರುವಿಗೆ ಎತ್ತಿನ ಗಾಡಿ ಹೂಡಿದಂತಾಯಿತು!

ದಾರದ ಲೆಕ್ಕವೂ ಉಂಟು. ಕಾಲು ಮಿಲಿಮೀಟರು ದಪ್ಪದ ನೈಲಾನು ದಾರ ನೂರು ಮೀಟರಿಗೆ ಸುಮಾರು ಐದೂವರೆ ಗ್ರಾಂ ತೂಗುತ್ತದೆ. ಎಂದರೆ ಎರೆಗಿಂತ ಹೆಚ್ಚು. ಕೆರೆಯಂಚಿನ ಸಣ್ಣ ಮೀನಿಗೆ ಐವತ್ತು ಮೀಟರು ಧಾರಾಳವಾಗಿ ಸಾಕು. ಫಿನೆಸ್ ರೀಲಿನ ಸ್ಪೂಲುಗಳನ್ನು ಆಳವಿಲ್ಲದೆ, ತೆಳುವಾಗಿ, ಮೈತುಂಬ ತೂತು ಕೊರೆದು ಮಾಡುವುದು ಈ ಕಾರಣಕ್ಕಾಗಿಯೇ. ಸ್ಪೂಲು ಹತ್ತು ಗ್ರಾಮಿನೊಳಗಿದ್ದರೆ ಅದನ್ನು ಹಗುರವೆನ್ನಬಹುದು. ಈ ಲೇಖನದ ತಿರುಳೆಲ್ಲ ಇಷ್ಟೇ: ನಿಮ್ಮ ಹಣ ಸ್ಪೂಲಿನ ಹಗುರಕ್ಕೆ ಹೋಗಲಿ, ಪೆಟ್ಟಿಗೆಯ ಮೇಲಿನ ಅಕ್ಷರಗಳಿಗೆ ಬೇಡ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಮೊದಲನೆಯದು ಬೇರಿಂಗುಗಳ ಸಂಖ್ಯೆ. ಹತ್ತು ಕೂಡು ಒಂದು, ಹನ್ನೆರಡು ಕೂಡು ಒಂದು ಎಂದು ಬರೆದಿರುತ್ತಾರೆ. ಎಸೆತಕ್ಕೆ ಸಂಬಂಧಪಟ್ಟವು ಸ್ಪೂಲನ್ನು ಹೊತ್ತಿರುವ ಎರಡು ಮೂರು ಮಾತ್ರ. ಮಿಕ್ಕವು ಹಿಡಿಕೆಯ ಗುಬುಟಿಯಲ್ಲಿಯೋ ಇನ್ನೆಲ್ಲಿಯೋ ಕುಳಿತಿರುತ್ತವೆ. ಆ ಎರಡು ಸಣ್ಣವೂ ನುಣುಪಾದವೂ ಆಗಿದ್ದರೆ ಸಾಕು.

ಎರಡನೆಯದು ಡ್ರ್ಯಾಗು, ಎಂದರೆ ಮೀನು ಎಳೆದಾಗ ದಾರ ತುಂಡಾಗದಂತೆ ಹದವಾಗಿ ಬಿಟ್ಟುಕೊಡುವ ಏರ್ಪಾಡು. ಎಂಟು ಕಿಲೋ ಎಂದು ಬರೆದಿದ್ದರೆ ಬೆರಗಾಗಬೇಡಿ. ಇಲ್ಲಿ ಬಳಸುವ ಆರು ಪೌಂಡಿನ ದಾರ ಮೂರು ಕಿಲೋ ಎಳೆತಕ್ಕೆ ಮುನ್ನವೇ ಕಡಿಯುತ್ತದೆ. ಬೇಕಾದದ್ದು ಬಲವಲ್ಲ, ಜಗ್ಗದೆ ಮೃದುವಾಗಿ ಬಿಡುವ ಗುಣ.

ಮೂರನೆಯದು ಗೇರಿನ ಪ್ರಮಾಣ. ಏಳಕ್ಕೆ ಒಂದು ಎಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲು ಏಳು ಸುತ್ತು ತಿರುಗಿ ಸುಮಾರು 65 ಸೆಂಟಿಮೀಟರು ದಾರ ಒಳಬರುತ್ತದೆ. ಆರರಿಂದ ಎಂಟರವರೆಗೆ ಯಾವುದಾದರೂ ನಡೆದೀತು.

ನಾಲ್ಕನೆಯದನ್ನು ಅನೇಕರು ಮರೆಯುತ್ತಾರೆ. ಈ ಜಾತಿಯ ರೀಲಿನಲ್ಲಿ ಹಿಡಿಕೆಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಬದಲಿಸುವುದಕ್ಕೆ ಬರುವುದಿಲ್ಲ. ಎಡಗೈಯದು ಬೇಕೋ ಬಲಗೈಯದು ಬೇಕೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಬಲಗೈಯಲ್ಲಿ ಎಸೆದು ಕೋಲನ್ನು ಕೈ ಬದಲಿಸದೆ ಹಿಡಿದುಕೊಳ್ಳುವವರಿಗೆ ಎಡಬದಿಯ ಹಿಡಿಕೆ ಅನುಕೂಲ.

ಕಡೆಯದಾಗಿ ಬ್ರೇಕು. ಇದರಲ್ಲಿ ಎರಡು ಬಗೆ ಮುಖ್ಯ. ಒಂದರಲ್ಲಿ ಸ್ಪೂಲಿನ ಜೊತೆ ತಿರುಗುವ ಸಣ್ಣ ಗುಂಡಿಗಳು ವೇಗಕ್ಕೆ ಹೊರಚಿಮ್ಮಿ ಸುತ್ತುಗೋಡೆಗೆ ಉಜ್ಜುತ್ತವೆ. ಇನ್ನೊಂದರಲ್ಲಿ ಅಯಸ್ಕಾಂತ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂದು ಕೇಳಬಹುದು. ಅಂಟುವುದಿಲ್ಲ ನಿಜ, ಆದರೆ ಅಯಸ್ಕಾಂತದ ಎದುರು ತಿರುಗುವ ಅಲ್ಯೂಮಿನಿಯಂನಲ್ಲಿ ವಿದ್ಯುತ್ತು ಹುಟ್ಟಿ ಅದು ತಿರುಗುವಿಕೆಯನ್ನು ತಡೆಯುತ್ತದೆ. ಹಳೆಯ ಮನೆಗಳ ಕರೆಂಟು ಮೀಟರಿನಲ್ಲಿ ತಿರುಗುತ್ತಿದ್ದ ತಟ್ಟೆಗೂ ಇದೇ ಕಡಿವಾಣ ಇತ್ತು. ಹಗುರ ಎರೆಗೆ, ಅದರಲ್ಲಿಯೂ ಕಲಿಯುವವರಿಗೆ, ಹೊರಗಿನಿಂದಲೇ ತಿರುಪಿ ಹೊಂದಿಸಿಕೊಳ್ಳಬಹುದಾದ ಅಯಸ್ಕಾಂತದ ಬ್ರೇಕೇ ಅನುಕೂಲವೆಂದು ನಮ್ಮ ಅಭಿಪ್ರಾಯ.

ಮೂರು ದಾರಿಗಳು

ರೀಲು ಕಟ್ಟುವ ವಿದ್ಯೆ ಮೂಲತಃ ಸೂಕ್ಷ್ಮ ಗಾಲಿಗಳ ವಿದ್ಯೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ರೀಲನ್ನು ಮೊದಲು ಮಾಡಿದವರೆಂದು ಹೆಸರಾದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವರು. ಸ್ವೀಡನ್ನಿನ ಆಬು ಕಂಪನಿ 1921ರಲ್ಲಿ ಗಡಿಯಾರದ ಕೆಲಸದಿಂದಲೇ ಆರಂಭವಾಯಿತು. ಅದೇ ವರ್ಷ ಜಪಾನಿನ ಸಕಾಯ್ ಪಟ್ಟಣದಲ್ಲಿ ಹುಟ್ಟಿದ ಶಿಮಾನೋ ಮೊದಲು ಮಾಡಿದ್ದು ಸೈಕಲ್ಲಿನ ಫ್ರೀವೀಲು. ಆದುದರಿಂದ ಒಳ್ಳೆಯ ಕೆಲಸಗಾರಿಕೆಗೆ ಬೆಲೆ ಇದ್ದೇ ಇದೆ. ಆದರೆ ಬೆಲೆಯೆಲ್ಲ ಕೆಲಸಗಾರಿಕೆಯದೇ ಅಲ್ಲ.

ಶಿಮಾನೋ ಕಂಪನಿಯ ಆಲ್ಡೆಬರಾನ್ ಬಿ.ಎಫ್.ಎಸ್., ಡೈವಾ ಕಂಪನಿಯ ಆಲ್ಫಾಸ್ ಏರ್ ಇವು ಮೇಲಿನ ದರ್ಜೆಯವು, ಶಿಮಾನೋದವರ ಎಸ್.ಎಲ್.ಎಕ್ಸ್. ಬಿ.ಎಫ್.ಎಸ್. ಅವಕ್ಕಿಂತ ಕಡಮೆ ಬೆಲೆಯದು. ಕಾಸ್ಟ್‌ಕಿಂಗ್ ಜೆಫಿರ್, ತ್ಸುರಿನೋಯಾ ಡಾರ್ಕ್ ವುಲ್ಫ್ ಮೊದಲಾದವು ಚೀನಾದಲ್ಲಿ ತಯಾರಾಗುವ ಅಗ್ಗದವು. ತೆಳು ಸ್ಪೂಲು, ಅಯಸ್ಕಾಂತದ ಬ್ರೇಕು ಈ ಅಗ್ಗದವುಗಳಲ್ಲಿಯೂ ಉಂಟು. ಬಾಳಿಕೆಯಲ್ಲಿ, ಗೇರಿನ ನುಣುಪಿನಲ್ಲಿ, ಬಿಡಿಭಾಗ ಸಿಕ್ಕುವುದರಲ್ಲಿ ಜಪಾನಿನವು ಮುಂದು. ತಿಂಗಳಿಗೆ ಎರಡು ಸಲ ಗಾಳ ಹಿಡಿಯುವವರಿಗೆ ಅಗ್ಗದ್ದೇ ತಕ್ಕದ್ದು. ಪರದೇಶದಿಂದ ತರಿಸುವವರು ಸುಂಕ, ಸಾಗಣೆ ಎರಡನ್ನೂ ಕೂಡಿಸಿ ನೋಡಿದ ಮೇಲೆಯೇ ಅಗ್ಗವೋ ತುಟ್ಟಿಯೋ ಎಂದು ತೀರ್ಮಾನಿಸಬೇಕು.

ಎರಡನೆಯ ದಾರಿ, ಮನೆಯಲ್ಲಿ ಆಗಲೇ ಇರುವ ಸಾಮಾನ್ಯ ರೀಲಿಗೆ ಹಗುರವಾದ ಬೇರೆ ಸ್ಪೂಲನ್ನು ಹಾಕಿಸುವುದು. ಹೆಸರಾಂತ ಮಾದರಿಗಳಿಗೆ ಇಂಥ ಸ್ಪೂಲುಗಳು ಬಿಡಿಯಾಗಿ ಸಿಕ್ಕುತ್ತವೆ. ಮಾದರಿಯ ಹೆಸರು, ವರ್ಷ ಎರಡನ್ನೂ ಸರಿಯಾಗಿ ಬರೆದು ತರಿಸಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೂರುವುದಿಲ್ಲ.

ಮೂರನೆಯ ದಾರಿಯನ್ನು ಅಂಗಡಿಯವರು ಹೇಳಲಾರರು, ನಾವು ಹೇಳುತ್ತೇವೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ಒಂದು ಸಾದಾ ಸ್ಪಿನ್ನಿಂಗ್ ರೀಲು ಕೊಡಿಸಿರಿ. ಮೂರು ಗ್ರಾಂ ಎರೆಯನ್ನು ಅದು ಜಗಳವಿಲ್ಲದೆ ಎಸೆಯುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಮೆ. ಒಂದು ವರ್ಷ ಕಳೆದ ಮೇಲೂ ಆಸಕ್ತಿ ಉಳಿದಿದ್ದರೆ ಆಗ ಫಿನೆಸ್ ರೀಲಿನ ಮಾತಾಡೋಣ.

ಯಾವ ದಾರಿ ಹಿಡಿದರೂ ಕೈಯಲ್ಲಿರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ರೀಲಿಗೇ ಸುರಿಯಬೇಡಿ. ತುದಿ ಬಳುಕುವ ಹಗುರ ಕೋಲು ಇಲ್ಲದೆ ಎಂಥ ರೀಲೂ ಸಣ್ಣ ಎರೆಯನ್ನು ಎಸೆಯಲಾರದು. ಕೋಲಿನ ಬುಡದಲ್ಲಿ ಅದು ಎಷ್ಟು ಗ್ರಾಮಿನಿಂದ ಎಷ್ಟು ಗ್ರಾಮಿನವರೆಗೆ ಎಸೆಯುವುದೆಂದು ಬರೆದಿರುತ್ತದೆ. ಓದಿ ನೋಡಿ ಕೊಳ್ಳಿ.

ಮನೆಗೆ ಬಂದ ಮೇಲೆ ಪರೀಕ್ಷೆ

ಪಾರ್ಸೆಲು ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ರೀಲನ್ನು ಪರೀಕ್ಷಿಸಬೇಕು. ಪಕ್ಕದ ಮುಚ್ಚಳ ತೆಗೆದು ಸ್ಪೂಲನ್ನು ಹೊರಗೆ ತೆಗೆಯಿರಿ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ದಾರವಿಲ್ಲದೆ ತೂಗಿರಿ. ಹದಿನೈದು ಗ್ರಾಮಿಗೆ ಮೀರಿದ್ದರೆ ಪೆಟ್ಟಿಗೆಯ ಮೇಲೆ ಏನೇ ಬರೆದಿದ್ದರೂ ಅದು ಫಿನೆಸ್ ರೀಲಲ್ಲ. ಮತ್ತೆ ಜೋಡಿಸಿ ಬ್ರೇಕನ್ನು ಸೊನ್ನೆಗಿಟ್ಟು ಸ್ಪೂಲನ್ನು ಬೆರಳಿನಿಂದ ಚಿಮ್ಮಿರಿ; ಗರಗರ ಒರಟು ಸದ್ದಿಲ್ಲದೆ ಓಡಬೇಕು. ಬ್ರೇಕನ್ನು ಪೂರ್ತಿ ತಿರುವಿ ಚಿಮ್ಮಿದರೆ ಬೇಗನೆ ನಿಲ್ಲಬೇಕು. ನಡುವಣ ಅಂಕಿಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಆ ಬ್ರೇಕು ಹೆಸರಿಗೆ ಮಾತ್ರ. ಹಿಡಿಕೆಯನ್ನು ಹಿಂದಕ್ಕೆ ಒತ್ತಿದಾಗ ಅಲುಗಾಡಬಾರದು. ದಾರವನ್ನು ಕೈಯಿಂದ ಮೆಲ್ಲಗೆ ಎಳೆದಾಗ ಡ್ರ್ಯಾಗು ಎಗರಿ ಎಗರಿ ಬಿಡದೆ ಒಂದೇ ಸಮನೆ ಬಿಡಬೇಕು.

ಅಭ್ಯಾಸಕ್ಕೆ ನೀರೇ ಬೇಕೆಂದಿಲ್ಲ. ಜನರಿಲ್ಲದ ಮೈದಾನ ಸಾಕು. ಕೊಕ್ಕೆ ತೆಗೆದ ಏಳು ಗ್ರಾಮಿನ ಎರೆಯಿಂದ ಆರಂಭಿಸಿ. ಬ್ರೇಕನ್ನು ಹೆಚ್ಚಾಗಿಯೇ ಇಟ್ಟು, ಗುಂಡಿ ಒತ್ತಿದಾಗ ಎರೆ ನಿಧಾನವಾಗಿ ಇಳಿದು ನೆಲ ಮುಟ್ಟಿದೊಡನೆ ಸ್ಪೂಲು ನಿಲ್ಲುವಂತೆ ಪಕ್ಕದ ತಿರುಪನ್ನು ಬಿಗಿ ಮಾಡಿ. ಮೂವತ್ತು ಮೀಟರು ದಾರ ಹೊರಗೆಳೆದು, ಒಳಗುಳಿದ ದಾರದ ಮೇಲೆ ಒಂದು ತುಂಡು ಅಂಟುಪಟ್ಟಿ ಹಚ್ಚಿ ಮತ್ತೆ ಸುತ್ತಿದರೆ ಸಿಕ್ಕು ಅದಕ್ಕಿಂತ ಆಳಕ್ಕಿಳಿಯದು. ಕೈ ಕುದುರಿದಂತೆ ಬ್ರೇಕನ್ನು ಒಂದೊಂದೇ ಅಂಕಿ ಇಳಿಸಿ, ಎರೆಯನ್ನು ಐದಕ್ಕೆ, ನಾಲ್ಕಕ್ಕೆ ತನ್ನಿ. ಎರೆ ನೀರು ಮುಟ್ಟುವ ಗಳಿಗೆಗೆ ಹೆಬ್ಬೆರಳು ಸ್ಪೂಲನ್ನು ಮುಟ್ಟಬೇಕೆಂಬುದೊಂದೇ ಮಂತ್ರ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡೇ ಬೀಸಬೇಕು. ಕಣ್ಣಿಗೆ ಕನ್ನಡಕ ಇರಲಿ.

ಈ ಊರಿನ ನೀರು, ಈ ಊರಿನ ಜನ

ಹೈದರಾಬಾದು ಕೆರೆಗಳ ಊರು. ಹುಸೇನ್ ಸಾಗರ ಹದಿನಾರನೆಯ ಶತಮಾನದ್ದು. 1908ರ ಮೂಸಿ ನದಿಯ ಭೀಕರ ಪ್ರವಾಹದ ತರುವಾಯ ನಮ್ಮ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿಕೊಂಡದ್ದೂ, ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣವಾದದ್ದೂ ನಾವು ಹೆಮ್ಮೆಯಿಂದ ನೆನೆಯುವ ಸಂಗತಿ. ಬೀದರದ ಕಡೆಯಿಂದ ಹರಿದುಬರುವ ಮಂಜೀರಾ ನದಿ ಈ ಊರಿಗೆ ನೀರು ಕೊಡುತ್ತದೆ.

ಈ ಭಾಗದ ನೀರುಗಳಲ್ಲಿ ಹುಸಿ ಎರೆಗೆ ಎರಗುವ ಮೀನುಗಳಲ್ಲಿ ಕೊರವ ಮೀನು ಮುಖ್ಯ. ತೆಲುಗಿನವರು ಇದನ್ನು ಕೊರ್ರಮೀನು, ಕೊರ್ರಮಟ್ಟ ಎನ್ನುತ್ತಾರೆ. ತೆಲಂಗಾಣದ ರಾಜ್ಯ ಮೀನು ಇದೇ. ಮೃಗಶಿರೆ ಹುಟ್ಟಿದ ದಿನ ಈ ಊರಿನಲ್ಲಿ ಮೀನಿಗೆ ಎಷ್ಟು ಬೇಡಿಕೆಯೆಂಬುದು ಇಲ್ಲಿ ನೆಲೆಸಿದವರಿಗೆಲ್ಲ ಗೊತ್ತು. 1952ರಲ್ಲಿ ನಮ್ಮ ದೇಶಕ್ಕೆ ತಂದುಬಿಟ್ಟ ಜಿಲೇಬಿ ಮೀನು, ಎಂದರೆ ತಿಲಾಪಿಯಾ, ಈಗ ಎಲ್ಲೆಲ್ಲಿಯೂ ಹಬ್ಬಿದೆ. ಸಣ್ಣ ಎರೆಗೆ ಅದೂ ಬರುವುದುಂಟು. ಮರಿ ಕೊರವ, ಜಿಲೇಬಿ, ಪಕ್ಕೆ ಇವು ಫಿನೆಸ್ ರೀಲಿಗೆ ತಕ್ಕ ಮೀನುಗಳು. ಕಟ್ಲ, ರೋಹು ಹೆಚ್ಚಾಗಿ ಹಿಟ್ಟಿನ ಉಂಡೆಗೆ ಬರುವಂಥವು. ಕಳೆ ತುಂಬಿದ ನೀರಿನಲ್ಲಿ ದೊಡ್ಡ ಕೊರವನಿಗೆ ತೆಳು ದಾರ ಹಾಕಬೇಡಿ. ದಾರ ಕಡಿದು ಕೊಕ್ಕೆಯೊಡನೆ ಮೀನು ಓಡಿಹೋಗುತ್ತದೆ. ಅದು ಆಟವಲ್ಲ, ಹಿಂಸೆ.

ಇನ್ನೊಂದು ಮಾತು. ಮಳೆಗಾಲದಲ್ಲಿ ನೀರಿನ ಮೇಲೆ ಕಿತ್ತಳೆ ಬಣ್ಣದ ಮರಿಗಳ ಗುಂಪು ಚೆಂಡಿನಂತೆ ಮೇಲೆ ಕೆಳಗೆ ಆಡುವುದನ್ನು ಕಂಡರೆ ಅದರ ಕೆಳಗೆ ತಾಯಿತಂದೆ ಕೊರವಗಳು ಕಾವಲಿವೆಯೆಂದು ತಿಳಿಯಬೇಕು. ಅಲ್ಲಿ ಎಸೆದರೆ ಕೋಪದಿಂದ ಎರಗಿ ಸುಲಭವಾಗಿ ಸಿಕ್ಕುತ್ತವೆ. ಆದರೆ ಹಿರಿಯ ಮೀನನ್ನು ಎಳೆದುಕೊಂಡರೆ ಕಾವಲು ತಪ್ಪಿದ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಇದನ್ನು ತೋರಿಸಿ, ಕೋಲು ಕೆಳಗಿಟ್ಟು ನೋಡುತ್ತ ನಿಲ್ಲಿರಿ.

ನೀರಿಗೂ ಯಜಮಾನರುಂಟು. ತೆಲಂಗಾಣದ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಬಹುಮಟ್ಟಿಗೆ ಬೆಸ್ತರ ಸಹಕಾರ ಸಂಘಗಳದು. ಗಂಗಪುತ್ರರು, ಮುದಿರಾಜರು ಅದನ್ನೇ ನಂಬಿ ಬದುಕುವವರು. ಬೆಸ್ತ ಎಂಬ ಶಬ್ದ ಅವರ ಭಾಷೆಗೂ ನಮ್ಮ ಭಾಷೆಗೂ ಒಂದೇ. ಕೆರೆಯ ದಂಡೆಗೆ ಹೋದಾಗ, “ಅಣ್ಣಾ, ಇಲ್ಲಿ ಗಾಳ ಹಾಕಬಹುದೆ?” ಎಂದು ಅವರ ಭಾಷೆಯಲ್ಲಿಯೇ ಕೇಳುವುದರಿಂದ ನಮ್ಮ ಗೌರವಕ್ಕೇನೂ ಕುಂದಿಲ್ಲ. ಬೇಡವೆಂದರೆ ಹಿಂದಿರುಗಿ ಬರುವುದು. ಕೊಡಬೇಕಾದ ಶುಲ್ಕವಿದ್ದರೆ ಕೊಡುವುದು. ಕುಡಿಯುವ ನೀರಿನ ಜಲಾಶಯಗಳಲ್ಲಿ ಅಧಿಕಾರಿಗಳ ಅನುಮತಿ ವಿಚಾರಿಸಬೇಕು. ಸಂಗಾರೆಡ್ಡಿಯ ಬಳಿಯ ಮಂಜೀರಾ ಅಭಯಾರಣ್ಯ ಮೊಸಳೆಗಳ ನೆಲೆ. ಅಲ್ಲಿ ಗಾಳದ ಮಾತೇ ಬೇಡ.

ಮೀನು ತಿನ್ನದ ಮನೆಗಳವರು ಹಿಡಿದದ್ದನ್ನು ಒದ್ದೆಗೈಯಿಂದ ಮುಟ್ಟಿ ಬೇಗನೆ ನೀರಿಗೆ ಬಿಡಲಿ. ಮುಳ್ಳು ಒತ್ತಿ ಚಪ್ಪಟೆ ಮಾಡಿದ ಕೊಕ್ಕೆಯಾದರೆ ಬಿಡಿಸುವುದು ಸುಲಭ. ತಿನ್ನುವವರು ನಗರದ ಕೊಳಚೆ ಸೇರುವ ಕೆರೆಗಳ ಮೀನನ್ನು ಮನೆಗೆ ತರದಿರಲಿ. ಕಡಿದ ದಾರವನ್ನು ಅಲ್ಲಿ ಎಸೆದು ಬಂದರೆ ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಿಸೆಯಲ್ಲಿಟ್ಟುಕೊಂಡು ಬನ್ನಿ.

ಮೇಲೆ ಹೇಳಿದ ರಾಯಚೂರಿನ ಮಿತ್ರರ ಮನೆಯಂತೆ ಯಾರ ಮನೆಯ ಅಟ್ಟದಲ್ಲಾದರೂ ಬಳಸದ ರೀಲು ಬಿದ್ದಿದ್ದರೆ, ಹೊಸದು ತರಿಸುವ ಮೊದಲು ಅದರ ಸ್ಪೂಲನ್ನು ತೂಗಿ ನೋಡಿರಿ. ಭಾರದ ಎರೆಗೆ ಅದು ಇಂದಿಗೂ ಬಂದೀತು. ಹಗುರ ರೀಲು ಕೊಂಡು ಬಳಸಿದ ವಾಚಕರು ಅದರ ತೂಕ, ಬೆಲೆ, ಬಾಳಿಕೆ ಇಷ್ಟನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾದೀತು.